"ಮಕ್ಕಳನ್ನ ಯಾರ ಹತ್ರ ಬಿಟ್ಟು ಬಂದ್ರಿ?" ಮಹಿಳಾ ಅಭ್ಯರ್ಥಿ, ತಾಯ್ತನ ಮತ್ತು ಮತದಾರರು: ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಚುನಾವಣೆ ನಡೆದಾಗ ಪರಿಚಯದ ಅಭ್ಯರ್ಥಿಯೊಬ್ಬರ ಜೊತೆ ಎರಡು ದಿನ ಮನೆಮನೆ ಸುತ್ತಿದ್ದೆ. ಸಾಮಾನ್ಯ ಸ್ಥಾನ, ಎದುರಾಳಿ ಗಂಡಸು. ಈಕೆ ಬೆಳಗ್ಗೆ ಆರಕ್ಕೆಲ್ಲ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಚಿಕ್ಕವಳಿಗೆ ಎರಡು ಜಡೆ ಹಾಕಿ ಹೊರಡುತ್ತಿದ್ದರು. ಚರಂಡಿ, ಕುಡಿಯೋ ನೀರು, ಆಶ್ರಯ ಮನೆ ಪಟ್ಟಿ, ಎಲ್ಲದರ ಬಗ್ಗೆಯೂ ಜನ ಕೇಳಿದರು. ಆದರೆ ಕಟ್ಟೆ ಮೇಲೆ ಕೂರುವ ಮುಂಚೆಯೇ, ಬಹುತೇಕ ಮನೆಗಳಲ್ಲಿ ಮೊದಲು ಬಂದ ಪ್ರಶ್ನೆ ಒಂದೇ: "ಮಕ್ಕಳ್ನ ಯಾರ ಹತ್ರ ಬಿಟ್ಟು ಬಂದೀಯವ್ವಾ?" ಕೇಳಿದವರಲ್ಲಿ ಹೆಂಗಸರೇ ಹೆಚ್ಚು. ಕುಹಕವೇನೂ ಇರಲಿಲ್ಲ, ಕಾಳಜಿಯಿಂದಲೇ ಕೇಳುತ್ತಿದ್ದರು. ಎದುರಾಳಿಗೆ ಮೂರು ಮಕ್ಕಳು. ಅವರನ್ನು ಯಾರೂ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ.

ಈ ಪ್ರಶ್ನೆ ವಾರ್ಡಿನಲ್ಲಿ ಹುಟ್ಟಿ ವಾರ್ಡಿನಲ್ಲೇ ಸಾಯುವುದಿಲ್ಲ, ಪ್ರಧಾನಿ ಕುರ್ಚಿಯ ತನಕ ಹಿಂದೆಯೇ ಬರುತ್ತದೆ. ಆಮೇಲೆ ನಾನು ಈ ವಿಷಯ ಎತ್ತಿದಾಗಲೆಲ್ಲ ಜನ ತಿರುಗಿಸಿ ಕೇಳಿದ ಪ್ರಶ್ನೆಗಳು, ನನಗೆ ತಿಳಿದ ಉತ್ತರಗಳು ಇಲ್ಲಿವೆ.

ಜನ ನಿಜವಾಗಿಯೂ ಹೆಂಗಸರಿಗೆ ವೋಟು ಹಾಕುವುದಿಲ್ಲವೇ?

ಹಾಕುತ್ತಾರೆ. ಇದು ಮೊದಲು ತಲೆಯಿಂದ ತೆಗೆಯಬೇಕಾದ ತಪ್ಪು ತಿಳಿವಳಿಕೆ. ಅರ್ಹ ಮಹಿಳೆ ಅಧ್ಯಕ್ಷ ಹುದ್ದೆಗೆ ನಿಂತರೆ ವೋಟು ಹಾಕುತ್ತೀರಾ ಎಂದು ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1937ರಲ್ಲಿ ಕೇಳಿದಾಗ ಹೂಂ ಎಂದವರು ಶೇ 33. ಈಚಿನ ವರ್ಷಗಳಲ್ಲಿ ಅದು ಶೇ 90 ದಾಟಿದೆ. ಬಾಯಲ್ಲಿ ಹೂಂ ಅನ್ನುವುದು ಸುಲಭ ಎನ್ನಬಹುದು, ಸರಿ. ಅದಕ್ಕೇ ಸಂಶೋಧಕರು ಇನ್ನೊಂದು ದಾರಿ ಹಿಡಿದರು. ವಯಸ್ಸು, ಉದ್ಯೋಗ, ಪಕ್ಷ ಎಲ್ಲ ಬೇರೆಬೇರೆಯಾಗಿ ಜೋಡಿಸಿದ ಕಾಲ್ಪನಿಕ ಅಭ್ಯರ್ಥಿಗಳನ್ನು ಮುಂದಿಟ್ಟು, ಇವರಲ್ಲಿ ಯಾರು ಎಂದು ಕೇಳುವುದು. ಹೀಗೆ ಹಲವು ದೇಶಗಳಲ್ಲಿ ನಡೆದ 67 ಪ್ರಯೋಗಗಳನ್ನು ಸುಸಾನ್ ಶ್ವಾರ್ಟ್ಸ್ ಮತ್ತು ಅಲೆಕ್ಸಾಂಡರ್ ಕಾಪಕ್ ಒಟ್ಟಿಗೆ ಗುಡ್ಡೆ ಹಾಕಿ ನೋಡಿದರು. 2022ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ, ಉಳಿದದ್ದೆಲ್ಲ ಸಮನಾಗಿದ್ದರೆ, ಹೆಣ್ಣಾಗಿರುವುದು ಸರಾಸರಿ ಎರಡು ಶೇಕಡಾ ಅಂಶದಷ್ಟು ಲಾಭವನ್ನೇ ತಂದುಕೊಟ್ಟಿತ್ತು.

ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಏನು ಮಾಡಿತು ನೆನಪಿಸಿಕೊಳ್ಳಿ. ತುರ್ತುಪರಿಸ್ಥಿತಿಯ ನಂತರ ರಾಯ್‌ಬರೇಲಿಯಲ್ಲೇ ಸೋತಿದ್ದ ಇಂದಿರಾ ಗಾಂಧಿಗಾಗಿ ಡಿ.ಬಿ. ಚಂದ್ರೇಗೌಡರು ಸ್ಥಾನ ಬಿಟ್ಟುಕೊಟ್ಟರು. ಎದುರಿಗೆ ವೀರೇಂದ್ರ ಪಾಟೀಲರಂಥ ಮಾಜಿ ಮುಖ್ಯಮಂತ್ರಿ. ಇಂದಿರಾ ಗೆದ್ದದ್ದು ಸುಮಾರು 77 ಸಾವಿರ ಮತಗಳಿಂದ. ಅವರನ್ನು ಹಿಂದೆ 'ಗೂಂಗಿ ಗುಡಿಯಾ', ಅಂದರೆ ಮೂಕ ಬೊಂಬೆ ಎಂದು ಆಡಿಕೊಂಡದ್ದು ದೆಹಲಿಯ ರಾಜಕಾರಣ. ಕಾಫಿ ತೋಟದ ಕೂಲಿ ಹೆಂಗಸರಿಗೆ ಅವರು ಇಂದಿರಮ್ಮ.

ಹಾಗಾದರೆ ವಿಧಾನಸಭೆಯಲ್ಲಿ ಯಾಕೆ ಬೆರಳೆಣಿಕೆಯಷ್ಟು ಮಹಿಳೆಯರು?

ಮತಗಟ್ಟೆಗಿಂತ ಮುಂಚೆ ಇನ್ನೊಂದು ಗಟ್ಟೆ ಇದೆ, ಟಿಕೆಟ್ ಹಂಚುವ ಕೋಣೆ. 2023ರ ಕರ್ನಾಟಕ ಚುನಾವಣೆಯಲ್ಲಿ ಕಣದಲ್ಲಿದ್ದವರು ಸುಮಾರು 2,600. ಮಹಿಳೆಯರು 200ನ್ನೂ ಮುಟ್ಟಲಿಲ್ಲ, ಅದರಲ್ಲೂ ಪಕ್ಷೇತರರು, ಸಣ್ಣಪುಟ್ಟ ಪಕ್ಷದವರು ಎಷ್ಟೋ ಜನ. 224ರಲ್ಲಿ ಗೆದ್ದು ಬಂದವರು 10. 2024ರ ಲೋಕಸಭೆಗೆ ದೇಶದಾದ್ಯಂತ ನಿಂತ ಸುಮಾರು 8,360 ಅಭ್ಯರ್ಥಿಗಳಲ್ಲಿ ಮಹಿಳೆಯರು ಹತ್ತಿರಹತ್ತಿರ ಶೇ 10, ಗೆದ್ದವರಲ್ಲಿ 543ಕ್ಕೆ 74, ಅಂದರೆ ಶೇ 13ಕ್ಕಿಂತ ಹೆಚ್ಚು. ಕರ್ನಾಟಕದ 28ರಲ್ಲಿ ಮೂವರು: ದಾವಣಗೆರೆಯ ಪ್ರಭಾ ಮಲ್ಲಿಕಾರ್ಜುನ್, ಚಿಕ್ಕೋಡಿಯ ಪ್ರಿಯಾಂಕಾ ಜಾರಕಿಹೊಳಿ, ಬೆಂಗಳೂರು ಉತ್ತರದ ಶೋಭಾ ಕರಂದ್ಲಾಜೆ.

"ನಮಗೇನೂ ಇಲ್ಲ ಕಣ್ರೀ, ಜನ ಒಪ್ಪಬೇಕಲ್ಲ" ಎನ್ನುವುದು ಎಲ್ಲ ಪಕ್ಷದ ಕಚೇರಿಗಳ ಸಿದ್ಧ ಉತ್ತರ. ಜನ ಒಪ್ಪುತ್ತಾರೋ ಇಲ್ಲವೋ ನೋಡಬೇಕಾದರೆ ಮೊದಲು ಜನರ ಮುಂದೆ ನಿಲ್ಲಿಸಬೇಕು. ಮತದಾರರ ಹೆಗಲ ಮೇಲೆ ಕೋವಿ ಇಟ್ಟು ಗುಂಡು ಹಾರಿಸುವುದು ಎಂದರೆ ಇದೇ.

ತಾಯಿಯಾಗಿರುವುದು ಅಭ್ಯರ್ಥಿಗೆ ಲಾಭವೋ ನಷ್ಟವೋ?

ಎರಡೂ. ಅದೇ ಇದರಲ್ಲಿರುವ ಇಕ್ಕಟ್ಟು.

ಡಾನ್ ಟೀಲೆ, ಜೋಶುವಾ ಕಲ್ಲ, ಫ್ರಾನ್ಸಿಸ್ ರೋಸೆನ್‌ಬ್ಲೂತ್ ಅಮೆರಿಕದ ಮತದಾರರನ್ನೂ ಚುನಾಯಿತ ಪ್ರತಿನಿಧಿಗಳನ್ನೂ ಇಂಥದೇ ಪ್ರಯೋಗಕ್ಕೆ ಕೂರಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೆಣ್ಣು ಎಂಬ ಕಾರಣಕ್ಕೆ ತಿರಸ್ಕಾರ ಕಾಣಲಿಲ್ಲ. ಬದಲಿಗೆ ಮದುವೆಯಾದವರು, ಮಕ್ಕಳಿರುವವರು ಜನಕ್ಕೆ ಹೆಚ್ಚು ಇಷ್ಟವಾದರು. ಗಂಡು ಅಭ್ಯರ್ಥಿಗೂ ಹೆಣ್ಣು ಅಭ್ಯರ್ಥಿಗೂ ಅದೇ ನಿಯಮ. ಕೇಳಲಿಕ್ಕೆ ನ್ಯಾಯವಾಗಿಯೇ ಇದೆ. ಆದರೆ ಮೂರು ಮಕ್ಕಳ ತಂದೆ ಸಂಜೆ ಏಳಕ್ಕೆ ಕಾರ್ಯಕರ್ತರ ಸಭೆಯಲ್ಲಿ ಕೂತಿರಬಲ್ಲ, ಯಾಕೆಂದರೆ ಮನೆಯಲ್ಲಿ ಆ ಹೊತ್ತಿಗೆ ಅನ್ನಕ್ಕಿಡುವವರು ಬೇರೆ ಇದ್ದಾರೆ. ಮೂರು ಮಕ್ಕಳ ತಾಯಿಯ ಮನೆಯಲ್ಲಿ ಅನ್ನಕ್ಕಿಡುವವರು ಆಕೆಯೇ. ಮೆಚ್ಚುಗೆ ಇಬ್ಬರಿಗೂ ಒಂದೇ, ಅದಕ್ಕೆ ತೆರುವ ಬೆಲೆ ಮಾತ್ರ ಬೇರೆ.

ಇನ್ನು ನಡೆದದ್ದನ್ನು ನೋಡಿ. ನ್ಯೂಜಿಲೆಂಡಿನಲ್ಲಿ ಜಸಿಂಡಾ ಆರ್ಡರ್ನ್ 2017ರ ಆಗಸ್ಟ್ 1ರಂದು ಲೇಬರ್ ಪಕ್ಷದ ನಾಯಕಿಯಾದರು. ದಿನ ಕಳೆಯುವಷ್ಟರಲ್ಲಿ ಟಿವಿಯವರು ಕೇಳಿದ್ದು ಮಕ್ಕಳ ಯೋಜನೆ ಬಗ್ಗೆ. ಮರುದಿನ ಇನ್ನೊಂದು ಕಾರ್ಯಕ್ರಮದ ನಿರೂಪಕ, ಕೆಲಸ ಕೊಡುವವರಿಗೆ ಇದು ತಿಳಿದಿರಬೇಕಲ್ಲ ಎಂದಾಗ ಆಕೆ ಬೆರಳು ತೋರಿಸಿ, ನನ್ನ ವಿಷಯಕ್ಕೆ ಪರವಾಗಿಲ್ಲ, ಆದರೆ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳು ಈ ಪ್ರಶ್ನೆಗೆ ಉತ್ತರಿಸಬೇಕು ಅನ್ನುವುದನ್ನು 2017ರಲ್ಲೂ ಒಪ್ಪಲಾಗದು ಎಂದರು. ಅಕ್ಟೋಬರ್‌ನಲ್ಲಿ ಪ್ರಧಾನಿ. 2018ರ ಜೂನ್ 21ರಂದು ಮಗಳು ಹುಟ್ಟಿದಳು. ಆರು ವಾರ ರಜೆ, ಅಷ್ಟು ದಿನ ಉಪಪ್ರಧಾನಿ ವಿನ್‌ಸ್ಟನ್ ಪೀಟರ್ಸ್ ಹೊಣೆ ಹೊತ್ತರು. ಮನೆಯಲ್ಲಿದ್ದು ಕೂಸನ್ನು ನೋಡಿಕೊಂಡದ್ದು ಸಂಗಾತಿ ಕ್ಲಾರ್ಕ್ ಗೇಫರ್ಡ್. ಬಾಣಂತಿ ಪ್ರಧಾನಿಯನ್ನು ಮತದಾರರು ದಂಡಿಸಿದರೇ? 2020ರಲ್ಲಿ 120ರಲ್ಲಿ 65 ಸ್ಥಾನ ಕೊಟ್ಟರು.

ಅದಕ್ಕೂ ಮೂವತ್ತು ವರ್ಷ ಮುಂಚಿನ ಪಾಕಿಸ್ತಾನದ ಕಥೆ ಇನ್ನೂ ಗಡಸು. ಬೆನಜೀರ್ ಭುಟ್ಟೊ ಬಸುರಿ ಎಂದು ತಿಳಿದೇ, ಹೆರಿಗೆಯ ಹೊತ್ತಿಗೆ ಸರಿಯಾಗಿ ಬೀಳುವಂತೆ ಸೇನಾಡಳಿತಗಾರ ಜಿಯಾ ಉಲ್ ಹಕ್ 1988ರ ಚುನಾವಣೆಯನ್ನಿಟ್ಟರು ಎಂದು ಬೆನಜೀರ್ ಆಮೇಲೆ ಹೇಳಿಕೊಂಡಿದ್ದಾರೆ. ದಿನದ ಲೆಕ್ಕ ತಪ್ಪಿತು. ಬಿಲಾವಲ್ ಸೆಪ್ಟೆಂಬರ್ 21ಕ್ಕೇ ಹುಟ್ಟಿದ, ಮತದಾನ ನಡೆದದ್ದು ನವೆಂಬರ್ 16ಕ್ಕೆ. ಅಷ್ಟರಲ್ಲಿ ಜಿಯಾ ಆಗಸ್ಟ್‌ನ ವಿಮಾನ ದುರಂತದಲ್ಲಿ ಇಲ್ಲವಾಗಿದ್ದರು. ಎರಡು ತಿಂಗಳ ಬಾಣಂತಿ ಪಕ್ಷವನ್ನು ಗೆಲ್ಲಿಸಿ ಡಿಸೆಂಬರ್‌ನಲ್ಲಿ ಪ್ರಧಾನಿಯಾದರು. 1990ರ ಜನವರಿಯಲ್ಲಿ ಹುದ್ದೆಯಲ್ಲಿದ್ದಾಗಲೇ ಬಖ್ತಾವರ್ ಹುಟ್ಟಿದಳು. ಬಸುರನ್ನು ಆದಷ್ಟೂ ಗುಟ್ಟಾಗಿಟ್ಟು, ಹೆತ್ತ ಮರುದಿನವೇ ಕಡತ ಹಿಡಿದು ಕೂತಿದ್ದನ್ನು ಅವರೇ ಬರೆದುಕೊಂಡಿದ್ದಾರೆ. ಆರ್ಡರ್ನ್ ಮಗಳು ಹುಟ್ಟಿದ ಜೂನ್ 21 ಬೆನಜೀರ್ ಅವರ ಹುಟ್ಟುಹಬ್ಬವೂ ಹೌದು. ಬರೀ ಕಾಕತಾಳೀಯ, ಆದರೂ ಹೇಳದೆ ಬಿಡಲು ಮನಸ್ಸಾಗಲಿಲ್ಲ.

ಮಕ್ಕಳಿಲ್ಲದಿದ್ದರೆ ತೊಂದರೆ ಇಲ್ಲವಲ್ಲ?

ಆಗ ಬೇರೆ ಬಾಣ ಬರುತ್ತದೆ. ಆಸ್ಟ್ರೇಲಿಯಾದಲ್ಲಿ, ಮುಂದೆ ಪ್ರಧಾನಿಯಾದ ಜೂಲಿಯಾ ಗಿಲಾರ್ಡ್ ಅವರನ್ನು 2007ರಲ್ಲಿ ಎದುರು ಪಾಳೆಯದ ಸೆನೆಟರ್ ಒಬ್ಬ, ಬೇಕಂತಲೇ ಬಂಜೆಯಾದವಳು ಎಂದ. ಅದಕ್ಕೂ ಮೊದಲು 2005ರಲ್ಲಿ ಅವರ ಅಡುಗೆಮನೆಯ ಫೋಟೊ ಪತ್ರಿಕೆಯಲ್ಲಿ ಬಂದಾಗ, ಅಲ್ಲಿದ್ದ ಖಾಲಿ ಹಣ್ಣಿನ ಬುಟ್ಟಲೇ ಚರ್ಚೆಯ ವಸ್ತುವಾಗಿತ್ತು. ಗಂಡಸು ಮಂತ್ರಿಯ ಅಡುಗೆಮನೆಯಲ್ಲಿ ಬುಟ್ಟಲು ಎಲ್ಲಿದೆ ಅಂತ ಆತನಿಗೇ ಗೊತ್ತಿರುವುದಿಲ್ಲ, ಬಿಡಿ. ಬ್ರಿಟನ್ನಿನಲ್ಲಿ 2016ರ ಜುಲೈನಲ್ಲಿ ಪ್ರಧಾನಿ ಹುದ್ದೆಗೆ ಥೆರೆಸಾ ಮೇ ಎದುರು ಇದ್ದ ಆಂಡ್ರಿಯಾ ಲೆಡ್ಸಮ್, ತಾನು ತಾಯಿಯಾದ್ದರಿಂದ ದೇಶದ ನಾಳೆಯಲ್ಲಿ ನಿಜವಾದ ಪಾಲು ತನಗಿದೆ ಎನ್ನುವ ಅರ್ಥದಲ್ಲಿ ಸಂದರ್ಶನ ಕೊಟ್ಟರು. ಗದ್ದಲವೆದ್ದಿತು, ಕ್ಷಮೆ ಕೇಳಿ ಕಣದಿಂದಲೇ ಹಿಂದೆ ಸರಿದರು. ಅಮೆರಿಕದಲ್ಲಿ ಜೆ.ಡಿ. ವ್ಯಾನ್ಸ್ 2021ರಲ್ಲಿ ಆಡಿದ್ದ 'ಮಕ್ಕಳಿಲ್ಲದ, ಬೆಕ್ಕು ಸಾಕಿಕೊಂಡ ಹೆಂಗಸರು' ಮಾತು, ಅವರು ಉಪಾಧ್ಯಕ್ಷ ಹುದ್ದೆಗೆ ನಿಂತ 2024ರಲ್ಲಿ ಮತ್ತೆ ಮೇಲೆದ್ದು ಬಂತು. ಅದರ ಗುರಿಗಳಲ್ಲಿ ಒಬ್ಬರು ಕಮಲಾ ಹ್ಯಾರಿಸ್. ಗಂಡನ ಮೊದಲ ಮದುವೆಯ ಇಬ್ಬರು ಮಕ್ಕಳು ಅವರನ್ನು 'ಮೊಮಾಲಾ' ಎಂದು ಕರೆಯುವುದು ಲೆಕ್ಕಕ್ಕೆ ಬರಲಿಲ್ಲ.

ಹೆತ್ತರೆ 'ಮನೆ ಯಾರು ನೋಡುತ್ತಾರೆ', ಹೆರದಿದ್ದರೆ 'ಮನೆಯ ಕಷ್ಟ ಏನು ಗೊತ್ತು'. ಅತ್ತ ದರಿ, ಇತ್ತ ಪುಲಿ.

ಜಯಲಲಿತಾ, ಮಮತಾ, ಮಾಯಾವತಿ ಮದುವೆಯಾಗದೆಯೇ ಗೆದ್ದರಲ್ಲ?

ಗೆದ್ದರು, ಒಂದು ಬಾರಿಯಲ್ಲ. ಆದರೆ ಅವರನ್ನು ಜನ ಕರೆದದ್ದು ಏನೆಂದು? ಅಮ್ಮ, ದೀದಿ, ಬೆಹೆನ್‌ಜಿ. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಒಂದು ರಾಜ್ಯಕ್ಕೇ ಅಮ್ಮನಾದರು, 2013ರಲ್ಲಿ ಶುರುವಾದ ಅಗ್ಗದ ಇಡ್ಲಿಯ ಕ್ಯಾಂಟೀನಿಗೂ ಅದೇ ಹೆಸರು. ಜರ್ಮನಿಯಲ್ಲೂ ಮಕ್ಕಳಿಲ್ಲದ ಆಂಗೆಲಾ ಮರ್ಕೆಲ್‌ಗೆ ಅಂಟಿದ ಹೆಸರು 'ಮುಟ್ಟಿ', ಅಂದರೆ ಅಮ್ಮ. ಮೊದಲು ಅದನ್ನು ಲೇವಡಿಗೆ ಬಳಸಿದ್ದು ಅವರದೇ ಪಾಳೆಯದ ಗಂಡಸರು.

ಅಟಲ್ ಬಿಹಾರಿ ವಾಜಪೇಯಿ ಮದುವೆಯಾಗಲಿಲ್ಲ, ನವೀನ್ ಪಟ್ನಾಯಕ್ ಆಗಲಿಲ್ಲ. ಅದಕ್ಕಾಗಿ ಅವರನ್ನು ಯಾರದೋ ಅಪ್ಪನನ್ನಾಗಿ ಮಾಡಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. "ಹೆಂಡ್ತಿ ಮಕ್ಕಳಿಲ್ಲ, ಯಾರಿಗೆ ಕೂಡಿಡಬೇಕು ಪಾಪ" ಎಂದು ಅದೇ ಒಂದು ಗುಣವಾಯಿತು. ಒಂಟಿ ಗಂಡಸನ್ನು ಸಂನ್ಯಾಸಿಯಾಗಿ ನೋಡುವ ಕಣ್ಣಿಗೆ ಒಂಟಿ ಹೆಂಗಸು ಕೊರತೆಯಾಗಿ ಕಾಣುತ್ತಾಳೆ. ಆ ಕೊರತೆಯನ್ನು ಸಂಬಂಧದ ಹೆಸರಿಟ್ಟು ತುಂಬಿಸಿಕೊಂಡ ಮೇಲೆಯೇ ಮತದಾರರಿಗೆ ಸಮಾಧಾನ.

ಕರ್ನಾಟಕದಲ್ಲಿ 'ಸೊಸೆ', 'ಮನೆಮಗಳು' ಮಾತು ಇಷ್ಟು ಕೇಳುವುದು ಯಾಕೆ?

ಹೆಣ್ಣಿಗೆ ಊರು ಯಾವುದು ಎಂಬ ಪ್ರಶ್ನೆ ಇಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ತವರಿನಲ್ಲಿ ನಿಂತರೆ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು", ಗಂಡನೂರಿನಲ್ಲಿ ನಿಂತರೆ "ಬಂದವಳು". ಹಾಗಾಗಿ ಅಭ್ಯರ್ಥಿ ಮೊದಲು ತಾನು ಯಾರವಳು ಎಂದು ಸಾಬೀತು ಮಾಡಬೇಕು, ನೀರು-ರಸ್ತೆ ಆಮೇಲೆ. 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಎದುರು ಸುಷ್ಮಾ ಸ್ವರಾಜ್ ನಿಂತಾಗ ಇಡೀ ಪ್ರಚಾರವೇ ವಿದೇಶಿ ಸೊಸೆ, ಸ್ವದೇಶಿ ಮಗಳು ಎಂದಾಯಿತು. ಸುಷ್ಮಾ ಅಷ್ಟು ಕಡಿಮೆ ದಿನದಲ್ಲಿ ಕನ್ನಡ ಕಲಿತು ಭಾಷಣ ಮಾಡಿದ್ದನ್ನು ಬಳ್ಳಾರಿಯವರು ಇವತ್ತಿಗೂ ಹೇಳುತ್ತಾರೆ. ಗೆದ್ದದ್ದು ಸೊಸೆ.

2019ರ ಮಂಡ್ಯ ಇನ್ನೂ ಹತ್ತಿರದ್ದು. ಅಂಬರೀಶ್ ತೀರಿಕೊಂಡದ್ದು 2018ರ ನವೆಂಬರ್ 24ಕ್ಕೆ. ಸುಮಲತಾ ಚುನಾವಣೆಗೆ ನಿಲ್ಲುತ್ತಾರೆಂದಾಗ, ಗಂಡ ಸತ್ತು ದಿನ ಎಷ್ಟಾಯಿತು, ಆಗಲೇ ರಾಜಕೀಯವೇ ಎಂಬರ್ಥದ ಮಾತು ಸಚಿವರೊಬ್ಬರ ಬಾಯಿಂದಲೇ ಬಂತು. ಸುಮಲತಾ ಅದಕ್ಕೆ ವಾದದಿಂದ ಉತ್ತರಿಸಲಿಲ್ಲ. ಈ ಮಣ್ಣಿನ ಸೊಸೆ ಎಂದರು, ಪ್ರಚಾರದ ಕೊನೆಯ ಸಭೆಯಲ್ಲಿ ಸೆರಗೊಡ್ಡಿ ಮತ ಕೇಳಿದರು. ಮುಖ್ಯಮಂತ್ರಿಯ ಮಗನನ್ನು 1,25,876 ಮತಗಳಿಂದ ಸೋಲಿಸಿದರು, ಅದೂ ಪಕ್ಷೇತರರಾಗಿ. ನನಗೆ ಇದರಲ್ಲಿ ಖುಷಿಯೂ ಇದೆ, ಕಸಿವಿಸಿಯೂ ಇದೆ. ಸೆರಗು ಬಲವಾದ ಅಸ್ತ್ರ, ಒಪ್ಪಿದೆ. ಆದರೆ ಅದು ಬೇಡುವ ಅಸ್ತ್ರ. ಗಂಡಸು ಅಭ್ಯರ್ಥಿ ಪಂಚೆ ಒಡ್ಡಿ ಮತ ಕೇಳಿದ್ದನ್ನು ಯಾರಾದರೂ ನೋಡಿದ್ದೀರಾ?

ಉತ್ತರ ಕರ್ನಾಟಕದ ಕಡೆ ಪ್ರಚಾರಕ್ಕೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುತ್ತಾರೆ. ಅಕ್ಕಿ, ಕೊಬ್ಬರಿ ಬಟ್ಟಲು, ಖಣ, ಅರಿಸಿನ ಕೊಂಬು. ಸಂಜೆ ಹೊತ್ತಿಗೆ ಕಾರಿನ ಹಿಂದಿನ ಸೀಟು ತುಂಬ ಖಣದ ರಾಶಿ. ಆ ಪ್ರೀತಿ ನಿಜವಾದದ್ದು, ಅದನ್ನು ಆಡಿಕೊಳ್ಳುವ ಮನಸ್ಸು ನನಗಿಲ್ಲ. ವಿಧವೆ ಬಂದರೆ ಅದೇ ಅಂಗಳದಲ್ಲಿ ಒಂದು ಕ್ಷಣ ಎಲ್ಲರೂ ಮುಖಮುಖ ನೋಡಿಕೊಳ್ಳುವುದನ್ನೂ ಕಂಡಿದ್ದೇನೆ.

ಅಡುಗೆ ಮಾಡಲಷ್ಟೇ ಲಾಯಕ್ಕು ಎಂದದ್ದು ಯಾರಿಗೆ?

2024ರಲ್ಲಿ ದಾವಣಗೆರೆಯಲ್ಲಿ ಎರಡೂ ದೊಡ್ಡ ಪಕ್ಷದ ಅಭ್ಯರ್ಥಿಗಳು ಮಹಿಳೆಯರೇ. ಪ್ರಭಾ ಮಲ್ಲಿಕಾರ್ಜುನ್ ಮತ್ತು ಗಾಯತ್ರಿ ಸಿದ್ದೇಶ್ವರ. ಗಾಯತ್ರಿಯವರ ಬಗ್ಗೆ ತೊಂಬತ್ತು ದಾಟಿದ ಹಿರಿಯ ಶಾಸಕರೊಬ್ಬರು ಆಡಿದ ಮಾತದು. ತಮಾಷೆಯೆಂದರೆ ಹಾಗೆಂದವರು ಮತ ಕೇಳುತ್ತಿದ್ದದ್ದೂ ಒಬ್ಬ ಮಹಿಳೆಗೇ, ತಮ್ಮ ಸೊಸೆಗೆ. ಹೆಂಗಸು ಅನ್ನುವುದು ತೊಂದರೆಯಲ್ಲ, ಎದುರುಮನೆಯ ಹೆಂಗಸು ಅನ್ನುವುದು ತೊಂದರೆ.

ಹೆಂಗಸರೇ ಹೆಂಗಸರಿಗೆ ವೋಟು ಹಾಕುವುದಿಲ್ಲವಂತೆ?

ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಗಾದೆಯನ್ನು ಗಂಡಸರು ಹೇಳುವಷ್ಟು ಹುಮ್ಮಸ್ಸಿನಿಂದ ಬೇರೆ ಯಾರೂ ಹೇಳುವುದಿಲ್ಲ. ಹೆಂಗಸರೂ ಜಾತಿ, ಪಕ್ಷ, ಗ್ಯಾಸಿನ ಬೆಲೆ, ತಿಂಗಳ ಎರಡು ಸಾವಿರ ನೋಡಿಯೇ ಮತ ಹಾಕುತ್ತಾರೆ. ಗಂಡಸರೂ ಅಷ್ಟೇ ಅಲ್ಲವೇ? 'ಗಂಡಸರು ಗಂಡಸರಿಗೆ ಯಾಕೆ ವೋಟು ಹಾಕಲಿಲ್ಲ' ಎಂದು ಸೋತ ಗಂಡಸು ಕೇಳಿದ್ದಿಲ್ಲ.

ಬಸುರಿ ಶಾಸಕಿಗೆ ಹೆರಿಗೆ ರಜೆ ಇದೆಯೇ?

ನೌಕರರಿಗೆ 26 ವಾರ ಕೊಡುವ ಕಾನೂನು ಶಾಸಕಿಗೆ, ಸಂಸದೆಗೆ ಅನ್ವಯಿಸುವುದಿಲ್ಲ, ಅವರು ನೌಕರರಲ್ಲ. ಸಂವಿಧಾನದ 101 ಮತ್ತು 190ನೇ ವಿಧಿಗಳ ಪ್ರಕಾರ ಅನುಮತಿಯಿಲ್ಲದೆ 60 ದಿನ ಸದನಕ್ಕೆ ಬರದಿದ್ದರೆ ಸ್ಥಾನ ತೆರವೆಂದು ಘೋಷಿಸಬಹುದು. ನಮ್ಮ ಅಧಿವೇಶನಗಳು ನಡೆಯುವುದೇ ಅಷ್ಟು ಕಡಿಮೆ ದಿನವಾದ್ದರಿಂದ ಅದೇನೂ ಕತ್ತಿಯಲ್ಲ. ತೊಡಕಿರುವುದು ಸಣ್ಣಪುಟ್ಟದ್ದರಲ್ಲಿ. 2022ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ದೇವಳಾಲಿಯ ಶಾಸಕಿ ಸರೋಜ್ ಅಹಿರೆ ಎರಡೂವರೆ ತಿಂಗಳ ಕೂಸನ್ನೆತ್ತಿಕೊಂಡು ನಾಗಪುರದ ಅಧಿವೇಶನಕ್ಕೆ ಬಂದರು. ಸುದ್ದಿಯಾಯಿತು, ಹಾಲೂಡಿಸಲು ಕೋಣೆ ಸಿಕ್ಕಿತು. ಮುಂದಿನ ಅಧಿವೇಶನದಲ್ಲಿ ಕೊಟ್ಟ ಕೋಣೆಯಲ್ಲಿ ಧೂಳಿದೆ ಎಂದು ಆಕೆಯೇ ದೂರಬೇಕಾಯಿತು. ಅಮೆರಿಕದ ಸೆನೆಟ್ಟೂ ಒಂದು ವರ್ಷದೊಳಗಿನ ಕೂಸನ್ನು ಸದನದೊಳಗೆ ಬಿಡಲು ನಿಯಮ ಬದಲಿಸಿದ್ದು 2018ರಲ್ಲಿ, ಟ್ಯಾಮಿ ಡಕ್‌ವರ್ತ್ ಹೆತ್ತ ಮೇಲೆ.

ಮಗುವನ್ನೆತ್ತಿಕೊಂಡು ಪ್ರಚಾರಕ್ಕೆ ಹೋಗಬಹುದೇ?

2024ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ ಪ್ರಚಾರದಲ್ಲಿ ಮಕ್ಕಳ ಬಳಕೆ ಕೂಡದೆಂದು ಕಟ್ಟುನಿಟ್ಟಾಗಿ ಹೇಳಿತು. ಪೋಸ್ಟರು ಹಿಡಿಸುವುದು, ಘೋಷಣೆ ಕೂಗಿಸುವುದು, ಹಾಡಿಸುವುದು ಎಲ್ಲ ನಿಷಿದ್ಧ. ಪ್ರಚಾರದಲ್ಲಿ ಪಾಲ್ಗೊಳ್ಳದ ಮಗು ಹೆತ್ತವರ ಜೊತೆಗಷ್ಟೇ ಇದ್ದರೆ ತಪ್ಪಲ್ಲ. ಕಂಕುಳಲ್ಲಿ ಕೂಸಿದ್ದರೆ ಸರಿ, ಕೂಸಿನ ಕೈಯಲ್ಲಿ ಬಾವುಟ ಬೇಡ.

ಮೂರನೇ ಮಗುವಿದ್ದರೆ ಪಂಚಾಯ್ತಿಗೆ ನಿಲ್ಲುವಂತಿಲ್ಲವೇ?

ಕರ್ನಾಟಕದಲ್ಲಿ ಆ ನಿಯಮವಿಲ್ಲ. ಬೇರೆ ಕೆಲವು ರಾಜ್ಯಗಳು ತಂದವು. ಹರಿಯಾಣದ ನಿಯಮವನ್ನು ಸುಪ್ರೀಂ ಕೋರ್ಟ್ 2003ರಲ್ಲಿ ಎತ್ತಿಹಿಡಿಯಿತು. ಎಷ್ಟು ಮಕ್ಕಳೆಂಬುದು ಹೆಂಗಸಿನ ಕೈಯಲ್ಲಿರುವುದಿಲ್ಲ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಹರಿಯಾಣ ಮುಂದೆ ತಾನೇ ಅದನ್ನು ಕೈಬಿಟ್ಟಿತು.

ಮೀಸಲಾತಿಯಲ್ಲಿ ಬಂದವರು ರಬ್ಬರ್ ಸ್ಟ್ಯಾಂಪ್ ತಾನೆ?

ಗಂಡನ ಮೊಬೈಲ್ ನಂಬರು ಊರವರ ಫೋನಿನಲ್ಲೆಲ್ಲ 'ಅಧ್ಯಕ್ಷರು' ಎಂದು ಸೇವ್ ಆಗಿರುವುದನ್ನು ನಾನೂ ನೋಡಿದ್ದೇನೆ. ಅಧ್ಯಕ್ಷೆಗೆ ಫೋನು ಮಾಡಿದರೆ "ಯಜಮಾನ್ರಿಗೆ ಕೊಡ್ತೀನಿ ಇರಿ". ಇದು ಸುಳ್ಳಲ್ಲ. ಆದರೆ ಇದೇ ಪೂರ್ತಿ ಕಥೆಯೂ ಅಲ್ಲ.

ಕರ್ನಾಟಕ, ಪಂಚಾಯ್ತಿಗಳಲ್ಲಿ ದೇಶದಾದ್ಯಂತ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೂ ಮುಂಚೆಯೇ, 1983ರ ಕಾಯ್ದೆಯಲ್ಲೇ ಮಹಿಳೆಯರಿಗೆ ಶೇ 25 ಮೀಸಲಿಟ್ಟಿತ್ತು. ಅಬ್ದುಲ್ ನಜೀರ್ ಸಾಬ್ ಕಾಲದ ಆ ವ್ಯವಸ್ಥೆಗೆ 1987ರಲ್ಲಿ ಚುನಾವಣೆ ನಡೆಯಿತು. ಈಗ ಅರ್ಧ ಪಾಲು. ಅನುಭವದಿಂದ ಮತದಾರರ ಮನಸ್ಸು ಬದಲಾಗುತ್ತದೆಯೇ ಎಂದು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೊ, ರೋಹಿಣಿ ಪಾಂಡೆ ಮುಂತಾದವರು ಚೆಂದದ ಪ್ರಯೋಗ ಮಾಡಿದರು. ಒಂದೇ ಭಾಷಣ, ಒಮ್ಮೆ ಗಂಡು ದನಿಯಲ್ಲಿ, ಒಮ್ಮೆ ಹೆಣ್ಣು ದನಿಯಲ್ಲಿ ಮುದ್ರಿಸಿ ಕೇಳಿಸಿದರು. ಮಹಿಳಾ ಪ್ರಧಾನರನ್ನೇ, ಅಂದರೆ ಪಂಚಾಯ್ತಿ ಅಧ್ಯಕ್ಷೆಯರನ್ನೇ ಕಾಣದ ಹಳ್ಳಿಗಳ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮೀಸಲಾತಿಯಿಂದ ಒಬ್ಬ ಮಹಿಳೆಯ ಆಡಳಿತ ಕಂಡ ಹಳ್ಳಿಗಳಲ್ಲಿ ಆ ವ್ಯತ್ಯಾಸ ಅಳಿಸಿಹೋಗಿತ್ತು. ಗಂಡಸೇ ನಾಯಕನಾಗಲಿ ಎಂಬ ಇಷ್ಟ ಮಾತ್ರ ಹಾಗೇ ಇತ್ತು. ಈ ಕಡೆಯದ್ದೇ ನನಗೆ ಮುಖ್ಯವೆನಿಸುವುದು: ಇಷ್ಟ ಬದಲಾಗದೆಯೂ ಅಂದಾಜು ಬದಲಾಗಬಹುದು. "ಹೆಂಗಸು ಬೇಡಪ್ಪಾ" ಎನ್ನುವ ಬಾಯಿಯೇ "ಆದ್ರೆ ಆವಮ್ಮ ಕೆಲಸ ಮಾಡ್ತಾಳೆ" ಎನ್ನುತ್ತದೆ. ಮುಂಬೈಯ ವಾರ್ಡುಗಳಲ್ಲಿ ರಿಖಿಲ್ ಭಾವನಾನಿ ಕಂಡುಕೊಂಡದ್ದೂ ಇದಕ್ಕೆ ಹೊಂದುತ್ತದೆ. ಮೀಸಲಾತಿ ತೆಗೆದ ಮೇಲೂ, ಹಿಂದೆ ಮೀಸಲಿದ್ದ ವಾರ್ಡುಗಳಲ್ಲಿ ಮಹಿಳೆ ಗೆಲ್ಲುವ ಸಾಧ್ಯತೆ ಉಳಿದ ಕಡೆಗಿಂತ ಸುಮಾರು ಐದು ಪಟ್ಟು.

ಹಾಗಾದರೆ ಆ ಮೊದಲ ಪ್ರಶ್ನೆಗೆ ಅಭ್ಯರ್ಥಿ ಏನು ಹೇಳಬೇಕು?

ನನ್ನ ಜೊತೆಗಿದ್ದವರು ಮೊದಲ ದಿನ "ಅತ್ತೆ ನೋಡ್ಕೋತಾರೆ" ಎನ್ನುತ್ತಿದ್ದರು. ಎರಡನೇ ದಿನ "ಅವರಪ್ಪ ಇದಾರೆ" ಎಂದು ಬದಲಿಸಿದರು. ಒಂದು ಮನೆಯ ಅಜ್ಜಿ ಎಲೆ ಅಡಿಕೆ ಮೆಲ್ಲುತ್ತಾ ನಕ್ಕೇಬಿಟ್ಟಳು, "ಅವನಿಗೆ ಕುಕ್ಕರ್ ಮುಚ್ಚಳ ತೆಗೆಯೋಕೆ ಬರ್ತದಾ?" ಎಲ್ಲರೂ ನಕ್ಕರು, ಮಾತು ಬೋರ್‌ವೆಲ್ ಕಡೆ ತಿರುಗಿತು. ಅಣಕವೂ ಇಲ್ಲ, ಉಪದೇಶವೂ ಇಲ್ಲ. ಹಳ್ಳಿಯಲ್ಲಿ ಇದಕ್ಕಿಂತ ಒಳ್ಳೆ ಉತ್ತರ ನನಗೆ ಹೊಳೆದಿಲ್ಲ. ಟಿವಿ ಸ್ಟುಡಿಯೋದಲ್ಲಾದರೆ ಆರ್ಡರ್ನ್ ಥರ ಬೆರಳು ತೋರಿಸಬಹುದು.

ಲೋಕಸಭೆ, ವಿಧಾನಸಭೆಗೆ ಮೂರನೇ ಒಂದು ಪಾಲು ಮೀಸಲಾತಿ?

2023ರ ಸೆಪ್ಟೆಂಬರ್‌ನಲ್ಲಿ ಸಂವಿಧಾನದ 106ನೇ ತಿದ್ದುಪಡಿಯಾಗಿ ಅಂಗೀಕಾರವಾಯಿತು. ಆದರೆ ಆಗ ಬರೆದದ್ದು, ಜನಗಣತಿ ಮುಗಿದು, ಕ್ಷೇತ್ರ ಮರುವಿಂಗಡಣೆಯಾದ ಮೇಲೆ ಜಾರಿ ಎಂದು.

ಕರ್ನಾಟಕಕ್ಕೆ ಮಹಿಳಾ ಮುಖ್ಯಮಂತ್ರಿ?

ಇದುವರೆಗೆ ಇಲ್ಲ. ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ 1972ರಿಂದ 1978ರ ತನಕ ವಿಧಾನಸಭೆಯ ಸ್ಪೀಕರ್ ಆಗಿದ್ದರು, ಆ ಪೀಠಕ್ಕೆ ಏರಿದ ಮೊದಲ ಮಹಿಳೆ. ಅದಾಗಿ ಅರ್ಧ ಶತಮಾನ. 2023ರ ಮೇನಲ್ಲಿ ರಚನೆಯಾದ 34 ಜನರ ಮಂತ್ರಿಮಂಡಲದಲ್ಲಿ ಮಹಿಳೆ ಒಬ್ಬರೇ, ಲಕ್ಷ್ಮೀ ಹೆಬ್ಬಾಳ್ಕರ್. ಅವರಿಗೆ ಕೊಟ್ಟ ಖಾತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ. 2013ರಲ್ಲಿ ಉಮಾಶ್ರೀ, 2018ರಲ್ಲಿ ಜಯಮಾಲಾ, 2019ರಲ್ಲಿ ಶಶಿಕಲಾ ಜೊಲ್ಲೆ ಅವರಿಗೆ ಸಿಕ್ಕಿದ್ದೂ ಅದೇ. ನಡುವೆ ಹಾಲಪ್ಪ ಆಚಾರ್ ಒಬ್ಬರು ಆ ಖಾತೆ ನೋಡಿಕೊಂಡರು. ಅಂಗನವಾಡಿ ಮಕ್ಕಳನ್ನು ಯಾರ ಹತ್ರ ಬಿಟ್ಟು ಬಂದ್ರಿ ಎಂದು ಆಗಲೂ ಅವರನ್ನು ಯಾರೂ ಕೇಳಿರಲಾರರು.